ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದ ಡೆಸ್ಕ್‌ಟಾಪ್ ಕೈಕೊಟ್ಟರೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮದುವೆ ವೀಡಿಯೊ ಎಡಿಟ್ ಮಾಡುವವರು, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆಯ ನಕ್ಷೆಗೆ ಜೀವ ತುಂಬುವವರು, ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಿ ನೋಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು: ಒಂದೇ ಕ್ಯಾಬಿನೆಟ್‌ನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಳ್ಳುವವರು ಹೆಚ್ಚಾಗಿ ಇವರೇ. ಎರಡನೇ ಕಾರ್ಡ್ ಮುಷ್ಕರ ಹೂಡಿತೆಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೊತ್ತೊಯ್ಯಬೇಕು. ಅಲ್ಲಿ ಹಾಕಿ ನೋಡಿದರೆ ಕಾರ್ಡ್ ಚೆನ್ನಾಗಿಯೇ ಓಡುತ್ತದೆ. ಕೆಟ್ಟದ್ದು ಮನೆಯ ಪ್ಲಗ್ ಪಾಯಿಂಟೋ, ಸ್ಲಾಟಿನೊಳಗಿನ ತೇವವೋ, ಬಯೋಸ್‌ನ (ಯಂತ್ರ ಏಳುವಾಗ ಮೊದಲು ಓಡುವ ಮದರ್‌ಬೋರ್ಡ್ ಸಾಫ್ಟ್‌ವೇರ್‌ನ) ಒಂದು ಆಯ್ಕೆಯೋ ಆಗಿರುತ್ತದೆ. ಆದ್ದರಿಂದ ಇಲ್ಲಿ ಹುಡುಕಾಟ ಗೋಡೆಯಿಂದ ಶುರುವಾಗಿ ಸಾಫ್ಟ್‌ವೇರ್‌ಗೆ ಕೊನೆಯಲ್ಲಿ ಬರುತ್ತದೆ. ಡ್ರೈವರ್ ಹತ್ತು ಸಲ ಹಾಕಿ ತೆಗೆದು ಸುಸ್ತಾದ ಮೇಲೆ ಕೇಬಲ್ ನೋಡುವುದು ತಲೆಕೆಳಗಾದ ಕ್ರಮ.

ಇದು ನಿಜಕ್ಕೂ ದೋಷವೇ?

ಗೇಮ್ ಎರಡು ಪಟ್ಟು ವೇಗವಾಗಿ ಓಡಲೆಂದು ಎರಡನೇ ಕಾರ್ಡ್ ಕೊಂಡಿದ್ದರೆ ರಿಪೇರಿ ಮಾಡಲು ಏನೂ ಇಲ್ಲ. ಎರಡು ಕಾರ್ಡ್ ಸೇರಿಸಿ ಒಂದೇ ಗೇಮ್ ಓಡಿಸಲು ಎನ್‌ವಿಡಿಯಾ 2004ರಲ್ಲಿ ತಂದ ಎಸ್‌ಎಲ್‌ಐಗೆ 2021ರ ಜನವರಿ 1ರಿಂದ ಹೊಸ ಪ್ರೊಫೈಲ್ (ಗೇಮ್‌ಗೆ ತಕ್ಕ ಹೊಂದಾಣಿಕೆ) ಸೇರಿಸುವುದನ್ನೇ ನಿಲ್ಲಿಸಿತು. ಆರ್‌ಟಿಎಕ್ಸ್ 30 ಸರಣಿಯಲ್ಲಿ 3090 ಮತ್ತು 3090 ಟಿಐ ಬಿಟ್ಟರೆ ಬೇರೆ ಯಾವುದಕ್ಕೂ ಎರಡನ್ನು ಬೆಸೆಯುವ ಬ್ರಿಡ್ಜ್ ಹಾಕುವ ಕನೆಕ್ಟರ್ ಇಲ್ಲ. 40 ಸರಣಿಯಲ್ಲಿ ಅದೂ ಹೋಯಿತು. ಎಎಂಡಿಯ ಇಂಥದೇ ವ್ಯವಸ್ಥೆ ಕ್ರಾಸ್‌ಫೈರ್ ಕೂಡ ಆರ್‌ಎಕ್ಸ್ 5000 ಸರಣಿಯ ಹೊತ್ತಿಗೆ ಮುಗಿದಿತ್ತು. ಈಗಿನ ಗೇಮ್‌ಗಳು ಬಹುಪಾಲು ಒಂದೇ ಕಾರ್ಡ್ ಮೇಲೆ ಓಡುತ್ತವೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ.

ಎರಡು ಕಾರ್ಡ್ ಇವತ್ತಿಗೂ ಪ್ರಯೋಜನಕ್ಕೆ ಬರುವುದು ರೆಂಡರಿಂಗ್‌ಗೆ (3ಡಿ ದೃಶ್ಯದಿಂದ ಚಿತ್ರ ತಯಾರಿಸುವುದಕ್ಕೆ), ವೀಡಿಯೊದ ಬಣ್ಣ ತಿದ್ದುವ ಗ್ರೇಡಿಂಗ್‌ಗೆ, ಭಾಷಾ ಮಾದರಿ ಓಡಿಸುವುದಕ್ಕೆ, ನಾಲ್ಕಕ್ಕಿಂತ ಹೆಚ್ಚು ಮಾನಿಟರ್ ಬೇಕಾದಾಗ. ಅಲ್ಲೂ ಒಂದು ತಪ್ಪು ಲೆಕ್ಕ ಚಾಲ್ತಿಯಲ್ಲಿದೆ: 12 ಜಿಬಿ ಮೆಮೊರಿಯ ಎರಡು ಕಾರ್ಡ್ ಹಾಕಿದರೆ 24 ಜಿಬಿ ಆಗುತ್ತದೆ ಎಂಬುದು. ಭಾಷಾ ಮಾದರಿಯ ಪದರಗಳನ್ನು ಎರಡು ಕಾರ್ಡಿಗೆ ಹಂಚಬಹುದು, ಅಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ನಡೆಯುವುದಿಲ್ಲ. ಇಡೀ ದೃಶ್ಯ ಎರಡೂ ಕಾರ್ಡಿನೊಳಗೆ ಬೇರೆ ಬೇರೆಯಾಗಿ ಹಿಡಿಸಬೇಕು. 12 ಜಿಬಿ ಕಾರ್ಡಿನ ಪಕ್ಕದಲ್ಲಿ ಹಳೆಯ 4 ಜಿಬಿ ಕಾರ್ಡ್ ಇದ್ದರೆ, 6 ಜಿಬಿಯ ದೃಶ್ಯಕ್ಕೆ ಆ ಚಿಕ್ಕದು ನೆರವಾಗುವ ಬದಲು ಕಾಲಿಗೆ ತೊಡಕಾಗುತ್ತದೆ.

ಕ್ಯಾಬಿನೆಟ್ ತೆರೆಯುವ ಮುನ್ನ: ಕರೆಂಟ್ ಮತ್ತು ಅರ್ಥಿಂಗ್

ಇದಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಸಿ ವೋಲ್ಟ್‌ಗೆ ತಿರುಗಿಸಿ ಕಂಪ್ಯೂಟರ್ ಹಾಕುವ ಪ್ಲಗ್ ಪಾಯಿಂಟ್‌ನಲ್ಲೇ ಮೂರು ಅಳತೆ ತೆಗೆಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಅಂದರೆ 207ರಿಂದ 253ರೊಳಗೆ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಬರಬಾರದು. ಅದು ಐದು ದಾಟಿದರೆ ಎಲೆಕ್ಟ್ರಿಷಿಯನ್ ಬರಲಿ. ಫೇಸ್–ಅರ್ಥ್ ಅಳತೆ 60, 110 ಹೀಗೆ ಎಲ್ಲೋ ತೇಲುತ್ತಿದ್ದರೆ ಮೂರನೇ ತೂತಿಗೆ ವೈರೇ ಇಲ್ಲ, ಅಥವಾ ಅರ್ಥಿಂಗ್ ಗುಂಡಿ ಸತ್ತಿದೆ ಎಂದರ್ಥ. ಹಳೆಯ ತೋಟದ ಮನೆಗಳಲ್ಲಿ ಇದನ್ನು ಮೊದಲೇ ಅನುಮಾನಿಸಿ.

ಅರ್ಥಿಂಗ್ ಇಲ್ಲದಿದ್ದರೂ ಕಂಪ್ಯೂಟರ್ ಓಡುತ್ತದಲ್ಲ ಎನ್ನಬಹುದು. ಓಡುತ್ತದೆ. ಆದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್‌ನ ಪವರ್ ಸಪ್ಲೈ ಪೆಟ್ಟಿಗೆ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್‌ನ ಲೋಹ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಮುಟ್ಟಿದಾಗ ಜುಮ್ ಎನ್ನುವುದು ಅದಕ್ಕೇ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ಲನ್ನು ಟಿವಿಗೆ ಚುಚ್ಚಿದರೆ, ಸೆಟ್ ಟಾಪ್ ಬಾಕ್ಸ್ ಮೂಲಕ ಛಾವಣಿಯ ಡಿಶ್‌ಗೆ, ಅಲ್ಲಿಂದ ನೆಲಕ್ಕೆ ದಾರಿ ಸಿಕ್ಕಿಬಿಡುತ್ತದೆ. ಆ ಕ್ಷಣದ ಕಿಡಿಗೆ ಬಲಿಯಾಗುವುದು ಕಾರ್ಡಿನ ಎಚ್‌ಡಿಎಂಐ ಪೋರ್ಟ್. "ಕಾರ್ಡ್ ಓಡುತ್ತೆ, ಒಂದು ಪೋರ್ಟ್ ಮಾತ್ರ ಸತ್ತಿದೆ" ಎಂಬ ಸ್ಥಿತಿಗೆ ಇದೊಂದು ಕಾರಣ.

ಮುಂದೆ ವ್ಯಾಟ್ ಲೆಕ್ಕ. ಆರ್‌ಟಿಎಕ್ಸ್ 3060 ಒಂದಕ್ಕೆ 170 ವ್ಯಾಟ್, ಎರಡಕ್ಕೆ 340. ಪ್ರೊಸೆಸರ್‌ಗೆ 150, ಬೋರ್ಡ್, ರ‍್ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 70. ಒಟ್ಟು 560. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಮ್ಮ ಮಿತಿಗಿಂತ ಬಹಳ ಹೆಚ್ಚು ಎಳೆದು ಬಿಡುತ್ತವೆ, ಆದ್ದರಿಂದ ಇಲ್ಲಿಗೆ 750 ವ್ಯಾಟ್‌ನ ಎಸ್‌ಎಂಪಿಎಸ್ ಕನಿಷ್ಠ, 850 ನೆಮ್ಮದಿ. ತಲಾ 350 ವ್ಯಾಟ್‌ನ ಎರಡು ಆರ್‌ಟಿಎಕ್ಸ್ 3090 ಇದ್ದರೆ ಒಟ್ಟು 900 ದಾಟುತ್ತದೆ. 1,200ಕ್ಕಿಂತ ಕಡಿಮೆ ಎಸ್‌ಎಂಪಿಎಸ್ ಬೇಡ. ಗೋಡೆಯಿಂದ ಐದು ಆಂಪಿಯರ್ ಹತ್ತಿರ ಎಳೆಯುವ ಇಂಥ ಯಂತ್ರವನ್ನು 6 ಆಂಪಿಯರ್ ಪಾಯಿಂಟ್‌ಗೆ ಎಕ್ಸ್‌ಟೆನ್ಷನ್ ಹಾಕಿ ಓಡಿಸುವುದಕ್ಕಿಂತ 16 ಆಂಪಿಯರ್ ಪಾಯಿಂಟ್ ಎಳೆಸಿಕೊಳ್ಳಿ.

ಯುಪಿಎಸ್ ವಿಷಯದಲ್ಲಿ ಎಡವುವವರು ಜಾಸ್ತಿ. 600 ವಿಎ ಎಂದು ಬರೆದ ಪೆಟ್ಟಿಗೆ ಸಾಮಾನ್ಯವಾಗಿ ತಡೆದುಕೊಳ್ಳುವುದು 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಅದು ಕೀಂ ಎಂದು ಕೂಗಿ ತಾನೂ ಹೋಗುತ್ತದೆ. ಸಾಮರ್ಥ್ಯ ಸಾಕಷ್ಟಿದ್ದೂ ಕರೆಂಟ್ ಹೋದ ಕ್ಷಣವೇ ಯಂತ್ರ ಆರುತ್ತಿದ್ದರೆ ಅಲೆಯ ಆಕಾರ ಅನುಮಾನಿಸಿ. ಅಗ್ಗದ ಯುಪಿಎಸ್ ಮತ್ತು ಹಳೆಯ ಇನ್ವರ್ಟರ್‌ಗಳ ಚೌಕಾಕಾರದ ಅಲೆಗೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿ ತಿದ್ದುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಒಗ್ಗುವುದಿಲ್ಲ. ಮನೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಬೇಕು. ಮನೆ ಜನರೇಟರ್ ಮೇಲಿದ್ದಾಗ ಭಾರದ ಕೆಲಸ ಹಚ್ಚಬೇಡಿ. ಪಂಪ್‌ಸೆಟ್ ಸ್ಟಾರ್ಟ್ ಆದಾಗ ವೋಲ್ಟೇಜ್ ಹೇಗೆ ಕುಸಿಯುತ್ತದೆಂದು ಮೀಟರ್ ಹಿಡಿದು ಒಮ್ಮೆ ನೋಡಿದರೆ ಸಾಕು.

ಒಳಗಿನ ಕೇಬಲ್‌ಗಳು

ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಬರಿದು ಮಾಡಿದ ಮೇಲೆ ಕ್ಯಾಬಿನೆಟ್ ತೆರೆಯಿರಿ.

ಸ್ಲಾಟ್ ತಾನೇ ಕೊಡುವುದು ಗರಿಷ್ಠ 75 ವ್ಯಾಟ್. 6 ಪಿನ್ ಕನೆಕ್ಟರ್ 75, 8 ಪಿನ್ 150. ಒಂದೇ ಕೇಬಲ್ಲಿನ ತುದಿಯಲ್ಲಿ ಕವಲೊಡೆದ ಎರಡು ಕನೆಕ್ಟರ್‌ಗಳನ್ನು ಎರಡು ಕಾರ್ಡಿಗೆ ಹಂಚಿದ್ದರೆ ಈಗಲೇ ಬದಲಿಸಿ, ಪ್ರತಿ ಕಾರ್ಡಿಗೂ ಎಸ್‌ಎಂಪಿಎಸ್‌ನಿಂದ ಬೇರೆಯದೇ ಕೇಬಲ್ ಬರಲಿ. ಡಿಸ್ಕಿಗೆ ಕರೆಂಟ್ ಕೊಡುವ ಸಾಟಾದಿಂದ 6 ಪಿನ್‌ಗೆ ಬದಲಿಸುವ ಅಗ್ಗದ ಅಡಾಪ್ಟರ್ ಇದ್ದರೆ ಕಸಕ್ಕೆ ಹಾಕಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಸಾಲಿನ ಮಿತಿ 54 ವ್ಯಾಟ್, 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಇನ್ನೊಂದು: ಕಳಚಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ಇದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಚುಚ್ಚಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಪಿನ್‌ಗಳ ಜೋಡಣೆ ಬೇರೆ ಇರುತ್ತದೆ, ಕಾರ್ಡ್ ಒಂದೇ ಕ್ಷಣದಲ್ಲಿ ಸುಟ್ಟುಹೋದೀತು.

ತೇವ, ದೂಳು, ಇರುವೆ

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಲ್ಲಿ ಬೀರುವಿನ ಚರ್ಮದ ಬೆಲ್ಟಿಗೆ ಬೂಷ್ಟು ಬರುವ ಮನೆಯಲ್ಲಿ ಕಂಪ್ಯೂಟರ್ ಮಾತ್ರ ಒಣಗಿರುತ್ತದೆಯೇ? ತೇವ ಒಂದೇ ಆದರೆ ತಕ್ಷಣ ಏನೂ ಆಗುವುದಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಕಣದಿಂದ ಹಾರಿ ಬಂದ ದೂಳು ಕಾರ್ಡ್ ಮೇಲೆ ಕೂತಿದ್ದು, ಮಳೆಗಾಲದಲ್ಲಿ ಅದು ನೀರು ಹೀರಿಕೊಂಡಾಗ ತೊಂದರೆ ಶುರು. ಒದ್ದೆ ದೂಳು ಸಣ್ಣ ಪ್ರಮಾಣದಲ್ಲಿ ಕರೆಂಟ್ ಹರಿಸುತ್ತದೆ, ಕಾರ್ಡಿನ ಬುಡದ ಚಿನ್ನದ ಪಟ್ಟಿಗಳ ಮೇಲೆ ಪೊರೆ ಕಟ್ಟುತ್ತದೆ. ಬೆಳಿಗ್ಗೆ ಎರಡನೇ ಕಾರ್ಡ್ ಕಾಣುವುದಿಲ್ಲ, ಅರ್ಧ ಗಂಟೆ ಓಡಿಸಿ ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ ಎಂದಾದರೆ ಮೊದಲ ಶಂಕೆ ಈ ಪೊರೆಯ ಮೇಲಿರಲಿ.

ಕಾರ್ಡ್ ತೆಗೆಯುವಾಗ ಸ್ಲಾಟಿನ ತುದಿಯ ಕೊಂಡಿ ಒತ್ತುವುದನ್ನು ಮರೆತರೆ ಅದು ಮುರಿಯುತ್ತದೆ. ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಹಾಕಿ ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ಒರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ತೀರಾ ಅನಿವಾರ್ಯವಾದರೆ ಒಮ್ಮೆ ಮೆಲ್ಲಗೆ ಮಾಡಬಹುದು, ಪದೇಪದೇ ಉಜ್ಜಿದರೆ ಚಿನ್ನದ ಲೇಪ ಹೋಗುತ್ತದೆ. ಸ್ಲಾಟ್‌ಗೆ ಬಾಯಿಂದ ಊದಬೇಡಿ, ಒಣಗಿದ ಮೃದು ಬ್ರಷ್ ಆಡಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆ ಬೆರಳಲ್ಲಿ ತಡೆದಿರಿ. ಸ್ಲಾಟ್ ಸಂದಿಯಲ್ಲಿ ಇರುವೆಯ ಮೊಟ್ಟೆ, ಹಲ್ಲಿ ಹಿಕ್ಕೆ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಬೆಚ್ಚಗಿನ ಜಾಗವೆಂದು ಅವು ಕ್ಯಾಬಿನೆಟ್ಟನ್ನೇ ಆರಿಸಿಕೊಳ್ಳುತ್ತವೆ.

ಒಣಗಿಸಲೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಆಲೋಚನೆ ಬಂದರೆ ಬಿಟ್ಟುಬಿಡಿ, ಹೊಗೆಯ ಜಿಡ್ಡು ತೇವಕ್ಕಿಂತ ಕೆಟ್ಟದ್ದು. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಯಂತ್ರ ಓಡಲಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ತಣ್ಣಗಿದ್ದ ಯಂತ್ರವನ್ನು ಬೆಚ್ಚಗಿನ ಕೋಣೆಗೆ ತಂದರೆ ಲೋಹದ ಮೇಲೆ ನೀರಿನ ಹನಿ ಕಟ್ಟುತ್ತದೆ. ಎರಡು ಗಂಟೆ ಬಿಟ್ಟು ಆನ್ ಮಾಡಿ.

ಅದಲುಬದಲು ಪರೀಕ್ಷೆ

ಇಡೀ ಹುಡುಕಾಟದಲ್ಲಿ ಇದನ್ನೊಂದು ತಪ್ಪಿಸಬೇಡಿ. ಕಾರ್ಡ್‌ಗಳಿಗೆ ಚೀಟಿ ಅಂಟಿಸಿ ಒಂದನ್ನು ಕರಿ, ಇನ್ನೊಂದನ್ನು ಬಿಳಿ ಎಂದು ಕರೆಯಿರಿ. ಸ್ಲಾಟ್‌ಗಳು ಮೇಲಿನದು, ಕೆಳಗಿನದು.

1. ಕರಿ ಕಾರ್ಡ್ ಒಂದನ್ನೇ ಮೇಲಿನ ಸ್ಲಾಟ್‌ಗೆ ಹಾಕಿ, ಮಾನಿಟರ್ ಅದಕ್ಕೇ ಚುಚ್ಚಿ, 15 ನಿಮಿಷ ಭಾರದ ಕೆಲಸ ಕೊಡಿ.
2. ಅದನ್ನು ತೆಗೆದು ಬಿಳಿಯನ್ನು ಅದೇ ಸ್ಲಾಟ್‌ಗೆ, ಅದೇ ಪವರ್ ಕೇಬಲ್‌ಗೆ ಹಾಕಿ ಅದೇ ಪರೀಕ್ಷೆ.
3. ಬಿಳಿ ಒಂದೇ, ಕೆಳಗಿನ ಸ್ಲಾಟ್‌ನಲ್ಲಿ, ಎರಡನೇ ಪವರ್ ಕೇಬಲ್ ಜೊತೆ.
4. ಕರಿ ಒಂದೇ, ಕೆಳಗಿನ ಸ್ಲಾಟ್‌ನಲ್ಲಿ, ಅದೇ ಎರಡನೇ ಕೇಬಲ್ ಜೊತೆ.

ಒಂದು ಕಾರ್ಡ್ ಎರಡೂ ಸ್ಲಾಟ್‌ನಲ್ಲಿ ಸೋತರೆ ದೋಷ ಕಾರ್ಡಿನದು. ಕೆಳಗಿನ ಸ್ಲಾಟ್‌ನಲ್ಲಿ ಎರಡೂ ಸೋತರೆ ಮೊದಲ ಕೇಬಲ್ಲನ್ನು ಅಲ್ಲಿಗೆ ಎಳೆದು ಇನ್ನೊಮ್ಮೆ ನೋಡಿ. ಆಗ ಓಡಿದರೆ ಕೇಬಲ್, ಇಲ್ಲದಿದ್ದರೆ ಸ್ಲಾಟ್ ಅಥವಾ ಬಯೋಸ್. ನಾಲ್ಕೂ ಸಲ ಚೆನ್ನಾಗಿ ಓಡಿ, ಎರಡನ್ನೂ ಒಟ್ಟಿಗೆ ಹಾಕಿದಾಗ ಮಾತ್ರ ಸೋತರೆ ಉಳಿಯುವುದು ಪವರ್, ಬಿಸಿ, ಬಯೋಸ್ ಆಯ್ಕೆ, ಡ್ರೈವರ್ ಈ ನಾಲ್ಕೇ. ಕಾರ್ಡ್ ಬದಲಿಸುವಾಗ ಪ್ರತಿ ಸಲವೂ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಹಳೆಯ ಹಾರ್ಡ್‌ವೇರ್‌ನ ನೆನಪಿನಲ್ಲೇ ಎದ್ದು ದಾರಿ ತಪ್ಪಿಸಬಹುದು.

ಸ್ಲಾಟ್ ಉದ್ದವಿದೆ, ಲೇನ್ ಎಷ್ಟಿವೆ?

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಗ್ರಾಫಿಕ್ಸ್‌ಗೆಂದು ಕೊಡುವುದು 16 ಲೇನ್, ಅಂದರೆ ಮಾಹಿತಿ ಓಡಾಡುವ 16 ದಾರಿ. ದುಬಾರಿ ಬೋರ್ಡ್‌ಗಳಲ್ಲಿ ಕೆಲವು ಅದನ್ನು ಎಂಟೆಂಟಾಗಿ ಎರಡು ಸ್ಲಾಟ್‌ಗೆ ಹಂಚುತ್ತವೆ. ಚಿಪ್‌ಸೆಟ್ ಹೆಸರು ಬಿ ಎಂದು ಶುರುವಾಗುವ ಹೆಚ್ಚಿನ ಬೋರ್ಡ್‌ಗಳಲ್ಲಿ ಕೆಳಗಿನ ಉದ್ದದ ಸ್ಲಾಟ್ ನೋಡಲು ಮಾತ್ರ ಉದ್ದ. ಒಳಗೆ ನಾಲ್ಕೇ ಲೇನ್, ಅದೂ ಚಿಪ್‌ಸೆಟ್ (ಬೋರ್ಡಿನ ಸಹಾಯಕ ಚಿಪ್) ಮೂಲಕ ಸುತ್ತಿ ಬರುತ್ತವೆ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಎಸ್‌ಎಸ್‌ಡಿ ಹಾಕಿದರೆ ಆ ಸ್ಲಾಟ್ ಪೂರ್ತಿ ಮಲಗುತ್ತದೆ. ಎಸ್‌ಎಸ್‌ಡಿ ಹಾಕಿದ ದಿನದಿಂದ ಕಾರ್ಡ್ ಕಾಣೆಯಾಗಿದ್ದರೆ ಮ್ಯಾನ್ಯುಯಲ್‌ನಲ್ಲಿ ಲೇನ್ ಹಂಚಿಕೆಯ ಪುಟ ಓದಿ. ರೆಂಡರಿಂಗ್‌ಗೆ ನಾಲ್ಕು ಲೇನ್ ಸಾಕಾಗುತ್ತದೆ, ದೃಶ್ಯ ಒಮ್ಮೆ ಕಾರ್ಡಿಗೆ ಹತ್ತಲು ತಡವಾಗುತ್ತದೆ ಅಷ್ಟೇ.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಉಪಕರಣ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಕಾರ್ಡ್ 1.1ಕ್ಕೆ (ಸ್ಲಾಟ್ ಸಂಪರ್ಕದ ಮೊದಲ ತಲೆಮಾರಿನ ವೇಗಕ್ಕೆ) ಇಳಿದಿರುತ್ತದೆ, ಗಾಬರಿ ಬೇಡ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ನಿಜವಾದ ವೇಗ ಕಾಣುತ್ತದೆ. 16 ಇರಬೇಕಾದಲ್ಲಿ ಒಂದು ಅಥವಾ ಎರಡು ಲೇನ್ ತೋರಿಸಿದರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಪಟ್ಟಿಗಳು ಕೊಳೆಯಾಗಿವೆ. ಕಾರ್ಡ್ ಭಾರಕ್ಕೆ ಜೋತು ಬಿದ್ದಿದ್ದರೂ ಹೀಗಾಗುತ್ತದೆ. ಕೆಳಗೊಂದು ಆಸರೆ ಕೊಟ್ಟು ನೋಡಿ.

ಬಯೋಸ್‌ನಲ್ಲಿ ನೋಡಬೇಕಾದ್ದು

ಡಿವೈಸ್ ಮ್ಯಾನೇಜರ್‌ನಲ್ಲಿ ಎರಡನೇ ಕಾರ್ಡ್ ಮೇಲೆ ಹಳದಿ ಗುರುತು, ಕೋಡ್ 12 ಎಂದಿದ್ದರೆ ಕಾರ್ಡಿಗೆ ವಿಳಾಸದ ಜಾಗ ಸಾಲಲಿಲ್ಲ ಎಂದರ್ಥ. ಬಯೋಸ್‌ನಲ್ಲಿ "ಅಬವ್ 4ಜಿ ಡಿಕೋಡಿಂಗ್" ಆನ್ ಮಾಡಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಸಿಎಸ್‌ಎಂ (ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆಫ್ ಇರಬೇಕಾಗುತ್ತದೆ. ಅಲ್ಲಿ ಎರಡು ಕೊಕ್ಕೆಗಳಿವೆ. ವಿಂಡೋಸ್ ಹಳೆಯ ಎಂಬಿಆರ್ ವಿಭಾಗ ಪದ್ಧತಿಯ ಡಿಸ್ಕಿನಲ್ಲಿದ್ದರೆ ಸಿಎಸ್‌ಎಂ ಆರಿಸಿದ ಮೇಲೆ ಬೂಟ್ ಆಗುವುದಿಲ್ಲ, ಮೊದಲು ಬ್ಯಾಕಪ್ ತೆಗೆದು ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸಬೇಕು. ಎರಡನೆಯದಾಗಿ, ಯುಇಎಫ್‌ಐ (ಹೊಸ ಬಗೆಯ ಬಯೋಸ್) ಬೆಂಬಲವಿಲ್ಲದ ಬಹಳ ಹಳೆಯ ಕಾರ್ಡ್ ಸಿಎಸ್‌ಎಂ ಇಲ್ಲದೆ ಪರದೆಗೆ ಏನನ್ನೂ ತೋರಿಸುವುದಿಲ್ಲ. ಹಳೆಯದೂ ಹೊಸದೂ ಸೇರಿಸಿದ ಜೋಡಿಗಳು ಇಲ್ಲೇ ಜಗಳವಾಡುವುದು. ಮಾನಿಟರನ್ನು ಹೊಸದಕ್ಕೆ ಚುಚ್ಚುವುದು ಸುಲಭದ ದಾರಿ.

ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ರೈಸರ್ ಕೇಬಲ್ ಬಳಸಿದ್ದರೆ ಸ್ಲಾಟಿನ ವೇಗವನ್ನು ಆಟೋ ಬಿಟ್ಟು ಜೆನ್ 3ಕ್ಕೆ ಇಳಿಸಿ. ಮೂರನೇ ತಲೆಮಾರಿನ ಕೇಬಲ್ ನಾಲ್ಕನೆಯದರ ವೇಗ ತಾಳುವುದಿಲ್ಲ. ಡಿಸ್‌ಪ್ಲೇ ಬಾರದಿರುವುದು, ವಿಂಡೋಸ್‌ನ ದೋಷಗಳ ದಾಖಲೆಯಾದ ಇವೆಂಟ್ ವ್ಯೂವರ್‌ನಲ್ಲಿ ವ್ಹೀಯಾ ಲಾಗರ್ (WHEA-Logger) ಹೆಸರಿನ 17ನೇ ನಂಬರಿನ ಎಚ್ಚರಿಕೆಗಳು ಸಾಲುಗಟ್ಟುವುದು ಇದರ ಲಕ್ಷಣ. ಕರೆಂಟ್ ಹೋಗಿ ಬಂದಾಗಲೆಲ್ಲ ಈ ಆಯ್ಕೆಗಳು ಅಳಿಸಿಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ ಬದಲಿಸಿ.

ಡ್ರೈವರ್

ಇಲ್ಲಿಯವರೆಗೂ ಎಲ್ಲ ಸರಿಯಿದ್ದರೆ ಈಗ ವಿಂಡೋಸ್ ಕಡೆ ತಿರುಗಿ. ಇಂಟರ್ನೆಟ್ ಕೇಬಲ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ, ಡಿಡಿಯು ಎಂಬ ಉಪಕರಣದಿಂದ ಹಳೆಯ ಡ್ರೈವರ್ ಪೂರ್ತಿ ತೆಗೆಯಿರಿ. ಮೊದಲೇ ಇಳಿಸಿಟ್ಟುಕೊಂಡ ಹೊಸದನ್ನು ಹಾಕಿ, ಆಮೇಲೆ ಇಂಟರ್ನೆಟ್ ಜೋಡಿಸಿ. ಇಲ್ಲದಿದ್ದರೆ ನಡುವೆಯೇ ವಿಂಡೋಸ್ ತನಗೆ ತೋಚಿದ ಡ್ರೈವರ್ ತಂದು ಹಾಕಿಬಿಡುತ್ತದೆ.

ಎನ್‌ವಿಡಿಯಾದ ಎರಡು ಕಾರ್ಡ್ ಇದ್ದರೆ ಎರಡಕ್ಕೂ ಒಂದೇ ಡ್ರೈವರ್ ಒಪ್ಪಬೇಕು. ಜಿಟಿಎಕ್ಸ್ 600, 700 ಸರಣಿಯ ಕೆಪ್ಲರ್ ಕಾರ್ಡ್‌ಗಳಿಗೆ 470ರ ಸಾಲೇ ಕೊನೆಯದು, ಜಿಟಿಎಕ್ಸ್ 900 ಮತ್ತು 1000 ಸರಣಿಗೆ 580ರ ಸಾಲು ಕೊನೆಯದು. ಜಿಟಿಎಕ್ಸ್ 1060 ಪಕ್ಕ ಆರ್‌ಟಿಎಕ್ಸ್ ಕಾರ್ಡ್ ಇಟ್ಟುಕೊಂಡವರು "ಅಪ್‌ಡೇಟ್" ಒತ್ತಿದ ಮರುದಿನ ಹಳೆಯದು ಮಾಯವಾಯಿತೆಂದರೆ ಕಾರಣ ಇದೇ. 580ಕ್ಕೆ ಹಿಂದಿರುಗಿ ಅಲ್ಲೇ ನಿಲ್ಲಿ. ಕೋಡ್ 43 ಡ್ರೈವರ್‌ನಿಂದಲೂ ಬರಬಹುದು, ಸಾಯುತ್ತಿರುವ ಕಾರ್ಡಿನಿಂದಲೂ ಬರಬಹುದು. ಡಿಡಿಯು ನಂತರವೂ, ಮೇಲಿನ ಸ್ಲಾಟ್‌ನಲ್ಲಿ ಒಂಟಿಯಾಗಿ ಹಾಕಿದಾಗಲೂ ಅದೇ ಬಂದರೆ ಕಾರ್ಡ್ ಹೋಗಿದೆ.

ಕಾರ್ಡ್ ಕಾಣುತ್ತದೆ, ದುಡಿಯುತ್ತಿಲ್ಲ

ಬ್ಲೆಂಡರ್‌ನಲ್ಲಿ ಪ್ರಿಫರೆನ್ಸಸ್, ಸಿಸ್ಟಮ್, ಸೈಕಲ್ಸ್ ರೆಂಡರ್ ಡಿವೈಸಸ್ ಎಂಬಲ್ಲಿ ಎರಡೂ ಕಾರ್ಡಿಗೆ ಟಿಕ್ ಹಾಕಬೇಕು. ಎನ್‌ವಿಡಿಯಾ ಮತ್ತು ಎಎಂಡಿ ಕಾರ್ಡನ್ನು ಒಂದೇ ರೆಂಡರ್‌ಗೆ ಒಟ್ಟಿಗೆ ಹೂಡಲಾಗದು. ವೀಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡ್ ಬಳಸುತ್ತದೆ, ಎರಡು ಬೇಕೆಂದರೆ ದುಡ್ಡು ಕೊಟ್ಟು ಸ್ಟುಡಿಯೋ ಕೊಳ್ಳಬೇಕು. ಎರಡನೇ ಕಾರ್ಡ್ ಕೊಳ್ಳುವ ಮುನ್ನ ಇದನ್ನು ಹೇಳುವ ಅಂಗಡಿಯವರು ಕಡಿಮೆ. ಟಾಸ್ಕ್ ಮ್ಯಾನೇಜರ್‌ನ 3ಡಿ ಗ್ರಾಫ್ ಸೊನ್ನೆಯಲ್ಲಿದ್ದರೂ ಕಾರ್ಡ್ ದುಡಿಯುತ್ತಿರಬಹುದು, ಯಾಕೆಂದರೆ ಎನ್‌ವಿಡಿಯಾದ ಕೂಡಾ (CUDA) ಲೆಕ್ಕಗಳು ಆ ಗ್ರಾಫಿನಲ್ಲಿ ಕಾಣುವುದಿಲ್ಲ. ಜಿಪಿಯು-ಝಡ್‌ನ ಸೆನ್ಸರ್ ಪುಟದಲ್ಲಿ ಲೋಡ್ ಮತ್ತು ವ್ಯಾಟ್ ನೋಡಿ.

ಓಡುತ್ತಾ ಓಡುತ್ತಾ ನಿಲ್ಲುವುದು

ಹೇಗೆ ನಿಂತಿತು ಎಂಬುದೇ ಕಾರಣ ಹೇಳುತ್ತದೆ. ನೀಲಿ ಪರದೆಯೂ ಇಲ್ಲದೆ ಫಕ್ಕನೆ ಆರಿದರೆ ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಂಡಿದೆ. ಪರದೆ ಕಪ್ಪಾಗಿ ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ಅರಚಿದರೆ ಆ ಕಾರ್ಡಿನ ಪವರ್ ಕನೆಕ್ಟರ್ ಅಥವಾ ಕಾರ್ಡ್ ತಾನೇ. ಬಣ್ಣದ ಚೌಕ, ಗೆರೆಗಳು ಕಂಡರೆ ಕಾರ್ಡಿನ ಮೆಮೊರಿ. ಪರದೆ ಒಂದು ಕ್ಷಣ ಆರಿ ಮತ್ತೆ ಬಂದು, ಇವೆಂಟ್ ವ್ಯೂವರ್‌ನಲ್ಲಿ 4101 ಬಿದ್ದಿದ್ದರೆ ಡ್ರೈವರ್ ಸತ್ತು ಎದ್ದಿದೆ. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿಸಿದ ವೇಗ) ಇದ್ದರೆ ಮೊದಲು ತೆಗೆಯಿರಿ.

ಹತ್ತಿಪ್ಪತ್ತು ನಿಮಿಷದ ಮೇಲೆ ವೇಗ ಕುಸಿದರೆ ಬಿಸಿ. ಹೊರಗೆ ಚಳಿಯಿದ್ದ ಮಾತ್ರಕ್ಕೆ ಮೇಲಿನ ಕಾರ್ಡ್ ತಣ್ಣಗಿರುತ್ತದೆಂದಲ್ಲ, ಅದು ಉಸಿರಾಡುವುದು ಕೆಳಗಿನ ಕಾರ್ಡ್ ಬಿಟ್ಟ ಬಿಸಿಗಾಳಿ. ಎರಡರ ನಡುವೆ ಕನಿಷ್ಠ ಒಂದು ಸ್ಲಾಟಿನಷ್ಟು ಅಂತರ ಬೇಕು, ಮುಂದಿನಿಂದ ಎರಡು ಫ್ಯಾನ್ ಗಾಳಿ ತಳ್ಳಬೇಕು. ಎನ್‌ವಿಡಿಯಾ ಕಾರ್ಡ್‌ಗಳು ಸಾಮಾನ್ಯವಾಗಿ 83 ಡಿಗ್ರಿಯ ಹತ್ತಿರ ವೇಗ ತಗ್ಗಿಸಿಕೊಳ್ಳುತ್ತವೆ. ಅಂತರ ಹೆಚ್ಚಿಸಲು ಜಾಗವಿಲ್ಲದಿದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಪಕರಣದಲ್ಲಿ ಎರಡೂ ಕಾರ್ಡಿನ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ. ವೇಗದಲ್ಲಿ ಕಳೆದುಕೊಳ್ಳುವುದು ಅದಕ್ಕಿಂತ ಕಡಿಮೆ, ಬಿಸಿಯೂ ಎಸ್‌ಎಂಪಿಎಸ್ ಮೇಲಿನ ಹೊರೆಯೂ ಇಳಿಯುತ್ತವೆ. ಹಾಗೆ ಇಳಿಸಿದ ಮೇಲೆ ಫಕ್ಕನೆ ಆರುವುದು ನಿಂತಿತೆಂದರೆ ಎಸ್‌ಎಂಪಿಎಸ್ ಸಾಲುತ್ತಿರಲಿಲ್ಲ ಎಂಬುದೂ ಗೊತ್ತಾಗುತ್ತದೆ.

ಗುಡುಗಿನ ದಿನಗಳು

ಕಾಫಿ ಹೂಮಳೆಯ ಕಾಲ, ಏಪ್ರಿಲ್–ಮೇನ ಸಂಜೆಗಳು, ಮದುವೆ ಮತ್ತು ಕೊಡವ ಹಾಕಿ ಹಬ್ಬದ ವೀಡಿಯೊಗಳು ಎಡಿಟಿಂಗ್‌ಗೆ ಕಾಯುತ್ತಿರುವ ಹೊತ್ತು, ಎಲ್ಲ ಒಟ್ಟಿಗೇ ಬರುತ್ತವೆ. ಸಿಡಿಲಿಗೆ ಸ್ಪೈಕ್ ಬಸ್ಟರ್ ನಂಬಬೇಡಿ. ಗುಡುಗು ಕೇಳಿದರೆ ಪವರ್ ವೈರ್ ಕೀಳಿ. ಅಷ್ಟು ಸಾಲದು: ಲ್ಯಾನ್ ಕೇಬಲ್, ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಕೂಡ ಕೀಳಿ. ಡಿಶ್ ಕೇಬಲ್ ಮೂಲಕ ಬರುವ ಆಘಾತ ಟಿವಿ ದಾಟಿ ನೇರ ಗ್ರಾಫಿಕ್ಸ್ ಕಾರ್ಡಿಗೆ ಇಳಿಯುತ್ತದೆ. ಫೈಬರ್ ಗಾಜಿನದಾದರೂ ಅದರ ಜೊತೆ ಕಂಬದಿಂದ ಬರುವ ಕೆಲವು ಕೇಬಲ್ಲುಗಳಲ್ಲಿ ಲೋಹದ ಆಸರೆ ತಂತಿ ಇರುತ್ತದೆ, ಮೋಡೆಮ್‌ನ ಅಡಾಪ್ಟರ್ ಅಂತೂ ಕರೆಂಟಿಗೇ ಇರುತ್ತದೆ.

ಕೊನೆಗೂ ಕಾರ್ಡ್ ಕಳಿಸಬೇಕಾದರೆ

ಅದಲುಬದಲು ಪರೀಕ್ಷೆಯ ನಾಲ್ಕೂ ಫಲಿತಾಂಶ, ಎರರ್ ಕೋಡ್, ಡ್ರೈವರ್ ಆವೃತ್ತಿ, ಎಸ್‌ಎಂಪಿಎಸ್‌ನ ವ್ಯಾಟ್ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ದೋಷ ಕಾಣಿಸುವುದನ್ನು ಮೊಬೈಲ್‌ನಲ್ಲಿ ವೀಡಿಯೊ ಮಾಡಿಕೊಳ್ಳಿ. ಬಿಲ್ ಮತ್ತು ಸೀರಿಯಲ್ ನಂಬರಿನ ಸ್ಟಿಕ್ಕರ್‌ನ ಫೋಟೊ ತೆಗೆದುಕೊಳ್ಳಿ. ತೇವಕ್ಕೆ ಸ್ಟಿಕ್ಕರ್ ಉದುರಿದ್ದರೆ ವಾರಂಟಿ ಕೇಳುವುದು ಕಷ್ಟ, ಆದ್ದರಿಂದ ಈ ಫೋಟೊ ಕಾರ್ಡ್ ಕೊಂಡ ದಿನವೇ ತೆಗೆದಿಡುವುದು ವಾಸಿ. ಪಟ್ಟಿಗಳ ಮೇಲೆ ಹಸಿರು ಕಿಲುಬು ಕಂಡರೆ ವಾರಂಟಿಯವರು ತಿರಸ್ಕರಿಸುವ ಸಾಧ್ಯತೆಯೇ ಹೆಚ್ಚು. ಕಾರ್ಡನ್ನು ಆಂಟಿಸ್ಟಾಟಿಕ್ ಚೀಲದಲ್ಲಿಟ್ಟು, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮೂಲ ಪೆಟ್ಟಿಗೆಯಲ್ಲೇ ಪ್ಯಾಕ್ ಮಾಡಿ. ಕಳಿಸುವುದು ಕೆಟ್ಟ ಕಾರ್ಡ್ ಒಂದನ್ನೇ. ಇನ್ನೊಂದು ಮೇಲಿನ ಸ್ಲಾಟ್‌ನಲ್ಲಿ ಕೆಲಸ ಮುಂದುವರಿಸಲಿ, ಖಾಲಿಯಾದ ಕೆಳಗಿನ ಸ್ಲಾಟ್‌ಗೆ ದೂಳು ಬೀಳದಂತೆ ಮುಚ್ಚಳ ಹಾಕಿಡಿ.